ತುರ್ತು ಚೀಲ ಕೈಗೆಟುಕದಿದ್ದಾಗ: ‘ತುರಿಯಾ’ ಹಾಯಿದೋಣಿಯ ಪ್ರಕರಣ ಅಧ್ಯಯನ

2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ, ಭಾರತೀಯ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಒಬ್ಬರೇ ನಡೆಸುತ್ತಿದ್ದ ‘ತುರಿಯಾ’ ಎಂಬ ಹಾಯಿದೋಣಿ ಬಿರುಗಾಳಿಗೆ ಸಿಕ್ಕಿ ಪೂರ್ತಿ ಮಗುಚಿ, ಒಂದು ಸುತ್ತು ಹೊರಳಿ ಮತ್ತೆ ನೆಟ್ಟಗಾಯಿತು. ಅದರ ಎರಡೂ ಕೂವೆಮರಗಳು ಮುರಿದವು, ಟಾಮಿಯವರ ಬೆನ್ನುಮೂಳೆಯೂ ಮುರಿಯಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಮೀನುಗಾರಿಕಾ ಗಸ್ತು ನೌಕೆ ‘ಒಸಿರಿಸ್’ ಅವರನ್ನು ಜೀವಂತವಾಗಿ ಎತ್ತಿಕೊಂಡಿತು. ಈ ಮೂರು ದಿನಗಳಲ್ಲಿ ದೋಣಿಯೊಳಗಿದ್ದ ಒಂದೊಂದು ಸುರಕ್ಷತಾ ಸಾಧನ ಏನು ಮಾಡಿತು, ಯಾವುದು ಕೆಲಸಕ್ಕೆ ಬಂತು, ಯಾವುದು ಕಣ್ಣಳತೆಯಲ್ಲೇ ಇದ್ದೂ ಕೆಲಸಕ್ಕೆ ಬರಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ದೋಣಿಯಲ್ಲಿ ಸಾಧನಗಳ ಕೊರತೆ ಇರಲಿಲ್ಲ, ದೋಣಿ ನಡೆಸುತ್ತಿದ್ದವರಿಗೆ ಅನುಭವದ ಕೊರತೆಯೂ ಇರಲಿಲ್ಲ. ಟಾಮಿಯವರು 2012–13ರಲ್ಲಿ ‘ಐಎನ್‌ಎಸ್‌ವಿ ಮಾದೇಯಿ’ ದೋಣಿಯಲ್ಲಿ ಎಲ್ಲಿಯೂ ತಂಗದೆ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮುಗಿಸಿದ ಮೊದಲ ಭಾರತೀಯರು. ಆದ್ದರಿಂದ ಇಲ್ಲಿ ಕಾಣುವ ತೊಡಕುಗಳನ್ನು ಅಜಾಗರೂಕತೆಯ ಲೆಕ್ಕಕ್ಕೆ ಬರೆದು ಮುಂದೆ ಹೋಗಲು ಬರುವುದಿಲ್ಲ. ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಂಡಿದ್ದ ದೋಣಿಯಲ್ಲಿಯೂ ಉಳಿದೇಬಿಡುವ ತೊಡಕುಗಳು ಅವು. ಅವುಗಳಲ್ಲಿ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಒಂದೇ: ಸಾಧನಗಳನ್ನು ನಾವು ಆರೋಗ್ಯವಂತ ಮನುಷ್ಯನೊಬ್ಬ ಎದ್ದು ನಡೆದು ಹೋಗಿ ತೆಗೆದುಕೊಳ್ಳುವನೆಂದು ಭಾವಿಸಿ ಜೋಡಿಸುತ್ತೇವೆ, ಆದರೆ ಅವುಗಳ ಅಗತ್ಯ ಬೀಳುವುದು ಎದ್ದು ನಿಲ್ಲಲಾಗದವನಿಗೆ.

ಸ್ಪರ್ಧೆ ಮತ್ತು ದೋಣಿ

ಟಾಮಿಯವರು ಪಾಲ್ಗೊಂಡಿದ್ದು 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ. ಐವತ್ತು ವರ್ಷಗಳ ಹಿಂದೆ, 1968ರಲ್ಲಿ ಆರಂಭವಾದ ಅದೇ ಹೆಸರಿನ ಸ್ಪರ್ಧೆಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ‘ಸುಹೈಲಿ’ ಎಂಬ ದೋಣಿಯಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ ಜಗತ್ತನ್ನು ಸುತ್ತಿ ಬಂದಿದ್ದರು. ಆ ‘ಸುಹೈಲಿ’ ಮುಂಬಯಿಯಲ್ಲಿ ಕಟ್ಟಿದ ದೋಣಿ. ಅದರ ಮಾದರಿಯಲ್ಲೇ ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡ್ ‘ತುರಿಯಾ’ವನ್ನು ಕಟ್ಟಿತು. ಉದ್ದ 32 ಅಡಿ, ಅಂದರೆ ಹತ್ತು ಮೀಟರಿಗೂ ಕಡಿಮೆ; ಎರಡು ಕೂವೆಮರಗಳ ಕೆಚ್ ಮಾದರಿ. ಸ್ಪರ್ಧಿಗಳು 2018ರ ಜುಲೈ 1ರಂದು ಫ್ರಾನ್ಸಿನ ಲೇ ಸಾಬ್ಲ್ ದೊಲೋನ್ ಬಂದರಿನಿಂದ ಹೊರಟಿದ್ದರು.

ಐವತ್ತು ವರ್ಷಗಳ ಹಿಂದಿನ ರೀತಿಯಲ್ಲೇ ದೋಣಿ ನಡೆಸಬೇಕೆಂಬುದು ಸ್ಪರ್ಧೆಯ ಕಟ್ಟಳೆ. ದಿಕ್ಕು ಮತ್ತು ಸ್ಥಾನ ತಿಳಿಯಲು ಸೂರ್ಯ, ನಕ್ಷತ್ರಗಳ ಕೋನ ಅಳೆಯುವ ಸೆಕ್ಸ್‌ಟೆಂಟ್ ಹಾಗೂ ಕಾಗದದ ನಕಾಶೆಗಳು ಮಾತ್ರ. ಜಿಪಿಎಸ್ ಇದ್ದರೂ ಅದು ಮೊಹರು ಹಾಕಿದ ಪೆಟ್ಟಿಗೆಯಲ್ಲಿ, ತುರ್ತು ಸಂದರ್ಭಕ್ಕೆಂದು ಮೀಸಲು. ಆದರೆ ಸುರಕ್ಷತೆಯ ವಿಷಯದಲ್ಲಿ ಯಾವ ಹಳೆಯ ಕಾಲದ ಅನುಕರಣೆಯೂ ಇರಲಿಲ್ಲ. ದೋಣಿಯ ಸ್ಥಾನವನ್ನು ದಡಕ್ಕೆ ಸದಾ ತಿಳಿಸುತ್ತಿರುವ, ಕಿರುಸಂದೇಶ ಕಳಿಸಲು ಮತ್ತು ಪಡೆಯಲು ಬರುವ ಉಪಗ್ರಹ ಸಾಧನ, ಸ್ಯಾಟಲೈಟ್ ಫೋನ್‌ಗಳು, ಇಪಿಐಆರ್‌ಬಿ ಎಂಬ ಅಪಾಯ ಸೂಚಕ ಬೀಕನ್, ಹತ್ತಿರದ ಹಡಗು, ವಿಮಾನಗಳೊಂದಿಗೆ ಮಾತಾಡಲು ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ, ಗಾಳಿ ತುಂಬಿ ತೇಲುವ ಲೈಫ್ ರಾಫ್ಟ್, ತಣ್ಣೀರಿನಲ್ಲಿ ದೇಹದ ಬಿಸಿ ಉಳಿಸುವ ಸರ್ವೈವಲ್ ಸೂಟ್, ಮತ್ತು ದೋಣಿ ಬಿಡಬೇಕಾಗಿ ಬಂದರೆ ಎತ್ತಿಕೊಂಡು ಹೋಗಲು ತುಂಬಿಟ್ಟ ತುರ್ತು ಚೀಲ, ಇವೆಲ್ಲವೂ ಜೊತೆಗಿದ್ದವು.

ಅಪಘಾತ

ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಟಾಮಿ ಮೂರನೆಯ ಸ್ಥಾನದಲ್ಲಿದ್ದರು. ದಕ್ಷಿಣ ಅಕ್ಷಾಂಶ 39ರ ಆಸುಪಾಸಿನ ಆ ನೀರಿನಲ್ಲಿ ಗಾಳಿಗೆ ತಡೆಯೊಡ್ಡುವ ನೆಲವೇ ಇಲ್ಲ. ಅಲ್ಲಿ ಎದ್ದ ಬಿರುಗಾಳಿಯ ವೇಗ ಸುಮಾರು 70 ನಾಟ್, ಅಂದರೆ ಗಂಟೆಗೆ 130 ಕಿಲೋಮೀಟರ್; ಅಲೆಗಳ ಎತ್ತರ ಸುಮಾರು 14 ಮೀಟರ್. ನಾಲ್ಕು ಮಹಡಿಯಷ್ಟು ಎತ್ತರದ ನೀರು ಹತ್ತು ಮೀಟರಿನ ದೋಣಿಯ ಪಕ್ಕಕ್ಕೆ ಅಪ್ಪಳಿಸಿದರೆ ಅದು ಅಡ್ಡಬೀಳುವುದನ್ನು ಯಾವ ಕೌಶಲವೂ ತಪ್ಪಿಸಲಾರದು. ಟಾಮಿಯವರು ಮುಂದೆ ವಿವರಿಸಿದಂತೆ, ದೋಣಿ ಅಡ್ಡಬಿದ್ದಾಗ ಅವರು ಕೂವೆಮರವನ್ನು ಹಿಡಿದುಕೊಂಡಿದ್ದರು. ದೋಣಿ ಏಳುವಾಗ ಮರದ ಜೊತೆಗೆ ತಾವೂ ಮೇಲೇರಿ ನೇತಾಡುವಂತಾಗಿ, ಅಲ್ಲಿಂದ ಕೆಳಗೆ ಬಿದ್ದರು. ಬೆನ್ನಿಗೆ ಪೆಟ್ಟಾದದ್ದು ಹಾಗೆ ಬಿದ್ದಾಗ.

ಅದೇ ಬಿರುಗಾಳಿ ಇನ್ನೊಬ್ಬ ಸ್ಪರ್ಧಿ, ಐರ್ಲೆಂಡಿನ ಗ್ರೆಗರ್ ಮೆಕ್‌ಗುಕಿನ್ ಅವರ ದೋಣಿಯನ್ನೂ ಹೊರಳಿಸಿ ಅದರ ಎರಡೂ ಕೂವೆಮರಗಳನ್ನು ಮುರಿಯಿತು. ಅವರು ಟಾಮಿಯವರಿಂದ ಸುಮಾರು 90 ನಾಟಿಕಲ್ ಮೈಲಿ ನೈರುತ್ಯದಲ್ಲಿದ್ದರು, ಆದರೆ ದೊಡ್ಡ ಗಾಯಗಳಾಗಿರಲಿಲ್ಲ. ಒಂದೇ ದಿನ, ಒಂದೇ ಕಡಲಿನಲ್ಲಿ, ಎರಡು ದೋಣಿಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಹಾನಿ. ಒಬ್ಬರ ದೇಹ ಸುಸ್ಥಿತಿಯಲ್ಲಿತ್ತು, ಇನ್ನೊಬ್ಬರದು ಇರಲಿಲ್ಲ. ಮೆಕ್‌ಗುಕಿನ್ ಅಳಿದುಳಿದ ಕೋಲುಗಳಿಂದ ತಾತ್ಕಾಲಿಕ ಹಾಯಿ ಏರಿಸಿ, ಟಾಮಿಯವರಿಗೆ ನೆರವಾಗಲೆಂದು ಅವರತ್ತಲೇ ದೋಣಿ ತಿರುಗಿಸಿದರು. ಟಾಮಿ ತಮ್ಮ ಬಂಕಿನಿಂದ, ಅಂದರೆ ಒಳಕೋಣೆಯ ಮಲಗುವ ಹಲಗೆಯಿಂದ, ಮೇಲೇಳಲಾರದೆ ಮಲಗಿದ್ದರು. ಸಾಧನಗಳ ಬಗ್ಗೆ ಯೋಚಿಸುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮಲಗಿದಲ್ಲಿಂದ ಕೈ ಚಾಚಿದಷ್ಟು ದೂರ

ದೋಣಿ ಹೊರಳಿದ ಬಳಿಕ ಟಾಮಿಯವರಿಂದ ದಡಕ್ಕೆ ಬಂದ ಮೊದಲ ಕಿರುಸಂದೇಶದಲ್ಲಿ ನಾಲ್ಕೇ ವಿಷಯಗಳಿದ್ದವು: ದೋಣಿ ಉರುಳಿದೆ, ಕೂವೆಮರ ಹೋಗಿದೆ, ಬೆನ್ನಿಗೆ ತೀವ್ರ ಪೆಟ್ಟಾಗಿದೆ, ಏಳಲು ಆಗುತ್ತಿಲ್ಲ. ಮುಂದಿನ ಸಂದೇಶಗಳಲ್ಲಿ, ದೋಣಿಯೊಳಗೆ ಸುರಕ್ಷಿತವಾಗಿದ್ದೇನೆ, ಇಪಿಐಆರ್‌ಬಿ ಚಾಲೂ ಮಾಡಿದ್ದೇನೆ, ಸ್ಟ್ರೆಚರ್ ಬೇಕಾಗಬಹುದು, ಸ್ಯಾಟಲೈಟ್ ಫೋನ್ ಕೆಟ್ಟಿದೆ ಎಂಬ ವಿವರಗಳು ಬಂದವು. ಆಮೇಲೆ ಬಂದದ್ದು ಇನ್ನೂ ಕಳವಳದ ಸುದ್ದಿ: ಕಾಲ್ಬೆರಳು ಅಲ್ಲಾಡಿಸಲು ಆಗುತ್ತಿದೆ, ಆದರೆ ಮರಗಟ್ಟಿದಂತಿದೆ, ತಿನ್ನಲು, ಕುಡಿಯಲು ಆಗುತ್ತಿಲ್ಲ, ತುರ್ತು ಚೀಲವನ್ನು ತಲುಪುವುದು ಕಷ್ಟ.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲೋಣ. ಮೊದಲ ಸ್ಯಾಟಲೈಟ್ ಫೋನ್ ಹಾಳಾಗಿತ್ತು. ಎರಡನೆಯ ಫೋನ್ ಮತ್ತು ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ ತುರ್ತು ಚೀಲದಲ್ಲಿದ್ದವು. ಹತ್ತು ಮೀಟರ್ ಉದ್ದದ ದೋಣಿಯೆಂದರೆ ಅದರ ಒಳಕೋಣೆ ಇನ್ನೂ ಚಿಕ್ಕದು. ಆರೋಗ್ಯವಂತನಿಗೆ ಅದರೊಳಗಿನ ಯಾವ ವಸ್ತುವೂ ಕೆಲವು ಹೆಜ್ಜೆಗಿಂತ ದೂರವಿಲ್ಲ. ಅಷ್ಟು ಹತ್ತಿರದಲ್ಲಿದ್ದ ಚೀಲ ಟಾಮಿಯವರ ಪಾಲಿಗೆ ಇನ್ನೊಂದು ಖಂಡದಲ್ಲಿದ್ದಷ್ಟೇ ದೂರವಾಗಿತ್ತು. ಅಂದರೆ ಒಂದು ಫೋನ್ ಕೆಟ್ಟರೆ ಇನ್ನೊಂದಿರಲಿ ಎಂದು ಮಾಡಿದ ವ್ಯವಸ್ಥೆ ಕಾಗದದ ಮೇಲೆ ಸರಿಯಾಗಿತ್ತು, ಆದರೆ ಎರಡನೆಯದನ್ನು ಎತ್ತಿಕೊಳ್ಳಲು ಬೇಕಾದ ಬೆನ್ನು ಮೊದಲನೆಯ ಫೋನಿನ ಜೊತೆಗೇ ಮುರಿದಿತ್ತು. ಒಂದೇ ಹೊಡೆತ ಸಾಧನವನ್ನೂ ಅದನ್ನು ಬಳಸುವವರನ್ನೂ ಒಟ್ಟಿಗೆ ಕೆಡವಬಲ್ಲದು ಎಂಬುದನ್ನು ಸಾಮಾನುಗಳ ಪಟ್ಟಿ ಹೇಳುವುದಿಲ್ಲ.

ತುರ್ತು ಚೀಲದ ಕಲ್ಪನೆಯಲ್ಲೇ ಈ ತೊಡಕು ಅಡಗಿದೆ. ದೋಣಿ ಮುಳುಗುವಾಗ ಎತ್ತಿಕೊಂಡು ರಾಫ್ಟಿಗೆ ಇಳಿಯಬೇಕಾದ ಚೀಲ ಅದು; ಆದ್ದರಿಂದ ಅದನ್ನು ಹೊರಬಾಗಿಲಿನ ಹತ್ತಿರ ಕಟ್ಟಿಡುವುದು ರೂಢಿ. ಆದರೆ ತುರ್ತುಸ್ಥಿತಿಗಳೆಲ್ಲ ಮುಳುಗುವ ರೂಪದಲ್ಲೇ ಬರುವುದಿಲ್ಲ. ದೋಣಿ ತೇಲುತ್ತಿದ್ದು ಒಳಗಿನ ಮನುಷ್ಯ ಮಾತ್ರ ಕುಸಿದು ಬಿದ್ದ ಸ್ಥಿತಿಗೆ ಬಾಗಿಲ ಬಳಿಯ ಚೀಲ ಒದಗುವುದಿಲ್ಲ. ಹಾಗೆಂದು ಅದನ್ನು ಬಂಕಿನ ಬಳಿಗೆ ತಂದಿಟ್ಟರೆ, ನೀರು ನುಗ್ಗುತ್ತಿರುವ ಗಳಿಗೆಯಲ್ಲಿ ಅದಕ್ಕಾಗಿ ಒಳಗೆ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಒಂದೇ ಚೀಲದಿಂದ ಎರಡೂ ಕೆಲಸ ಆಗದು ಎಂದು ಒಪ್ಪಿಕೊಳ್ಳುವುದೇ ಲೇಸು. ಬಾಗಿಲ ಬಳಿಯ ದೊಡ್ಡ ಚೀಲ ಅಲ್ಲೇ ಇರಲಿ. ಬಂಕಿನ ಪಕ್ಕದ ಗೋಡೆಗೆ, ಬೆನ್ನ ಮೇಲೆ ಮಲಗಿ ಒಂದು ಕೈ ಚಾಚಿದರೆ ಸಿಗುವ ಜಾಗದಲ್ಲಿ, ಸಣ್ಣದೊಂದು ಚೀಲ ಬೇರೆಯಾಗಿ ಇರಬೇಕು. ಅದರಲ್ಲಿ ಒಂದು ಸಂಪರ್ಕ ಸಾಧನ, ಒಂದು ವಿಎಚ್‌ಎಫ್ ರೇಡಿಯೊ, ತಲೆಗೆ ಕಟ್ಟುವ ಟಾರ್ಚು, ನೋವಿನ ಮತ್ತು ವಾಂತಿಯ ಔಷಧಿ, ಹಲ್ಲಿನಿಂದಲೇ ಬಿಚ್ಚಬಹುದಾದ ನೀರಿನ ಪೊಟ್ಟಣಗಳು ಇರಬೇಕು.

ನೀರಿನ ವಿಷಯ ಅಷ್ಟು ಸಣ್ಣದಲ್ಲ. ದೋಣಿಯ ಟ್ಯಾಂಕಿನಲ್ಲಿ ಎಷ್ಟೇ ನೀರಿದ್ದರೂ ಅದನ್ನು ಪಂಪು ಮಾಡಿ ಲೋಟಕ್ಕೆ ಹಿಡಿಯಲು ಎದ್ದು ನಿಲ್ಲಬೇಕು. ಟಾಮಿಯವರ ಕೈಗೆ ಕೊನೆಗೆ ಸಿಕ್ಕಿದ್ದು ಐಸ್ ಟೀ ಡಬ್ಬಿಗಳು. ಅದನ್ನೇ ಕುಡಿಯುತ್ತಿದ್ದೇನೆ, ವಾಂತಿ ನಿಲ್ಲುತ್ತಿಲ್ಲ, ಎದೆ ಉರಿಯುತ್ತಿದೆ ಎಂದು ಅವರು ಸಂದೇಶ ಕಳಿಸಿದರು. ಮೂರು ದಿನ ಹೀಗೆ ಕಳೆಯಬೇಕಾದವನಿಗೆ ನಿರ್ಜಲೀಕರಣವೇ ಪ್ರಾಣಕ್ಕೆ ಎರವಾಗಬಹುದಿತ್ತು. ಸುರಕ್ಷತಾ ಸಾಧನವೆಂದರೆ ಬೀಕನ್ನು, ರಾಫ್ಟು ಎಂದು ಎಣಿಸುವ ನಾವು ಮಲಗಿದವನ ಬಾಯಿಗೆ ನೀರು ತಲುಪುವ ವ್ಯವಸ್ಥೆಯನ್ನು ಆ ಪಟ್ಟಿಗೆ ಸೇರಿಸುವುದೇ ಇಲ್ಲ.

ಇಷ್ಟೆಲ್ಲದರ ನಡುವೆ ಕೆಲಸ ಮಾಡಿದ್ದು ಅಂಗೈಯಗಲದ ಕಿರುಸಂದೇಶ ಸಾಧನ. ಅದಕ್ಕೆ ಸ್ವಂತ ಬ್ಯಾಟರಿ ಇತ್ತು, ದೋಣಿಯ ವಿದ್ಯುತ್ತನ್ನು ಅದು ನೆಚ್ಚಿಕೊಂಡಿರಲಿಲ್ಲ, ಕೂವೆಮರದ ತುದಿಯ ಆಂಟೆನಾ ಅದಕ್ಕೆ ಬೇಕಿರಲಿಲ್ಲ. ಇದು ಆಕಸ್ಮಿಕವಲ್ಲ. ಹಾಯಿದೋಣಿಯಲ್ಲಿ ಗೋಡೆಗೆ ಕೂರಿಸಿದ ವಿಎಚ್‌ಎಫ್ ರೇಡಿಯೊದ ಆಂಟೆನಾ ಸಾಮಾನ್ಯವಾಗಿ ಕೂವೆಮರದ ತುದಿಯಲ್ಲಿರುತ್ತದೆ. ಮರ ಮುರಿದರೆ ರೇಡಿಯೊ ಮೂಕವಾಗುತ್ತದೆ. ದೋಣಿ ಹೊರಳಿ ನೀರು ಒಳನುಗ್ಗಿದರೆ ಬ್ಯಾಟರಿ, ವೈರಿಂಗ್, ಸ್ವಿಚ್ ಬೋರ್ಡು ಒಟ್ಟಿಗೆ ಕೆಡಬಹುದು. ಆದ್ದರಿಂದ ದೋಣಿಯ ಯಾವ ಭಾಗವನ್ನೂ ಆಶ್ರಯಿಸದೆ ತನ್ನಷ್ಟಕ್ಕೆ ತಾನು ಬದುಕುವ ಒಂದು ಸಂಪರ್ಕ ಸಾಧನವಾದರೂ ಇರಲೇಬೇಕು.

ಬೀಕನ್ ಹೇಳುವುದು, ಹೇಳದಿರುವುದು

ಇಪಿಐಆರ್‌ಬಿಯ ಕೆಲಸವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಅದರ ಸ್ವಿಚ್ಚು ಕೈತಪ್ಪಿ ಒತ್ತಿಹೋಗದಂತೆ ಮುಚ್ಚಳವೋ ಪಟ್ಟಿಯೋ ಇರುತ್ತದೆ. ಅದನ್ನು ಕಿತ್ತು, ಸ್ವಿಚ್ಚನ್ನು ಸರಿಸಿದರೆ ದೀಪ ಮಿನುಗಲು ತೊಡಗುತ್ತದೆ. ಸ್ಟ್ಯಾಂಡಿನಿಂದ ಬೇರ್ಪಟ್ಟು ನೀರಿಗೆ ಬಿದ್ದರೂ ಅದು ತಾನಾಗಿ ಚಾಲೂ ಆಗುತ್ತದೆ. ಸುಮಾರು 50 ಸೆಕೆಂಡಿಗೊಮ್ಮೆ 406 ಮೆಗಾಹರ್ಟ್ಸ್ ತರಂಗದಲ್ಲಿ ಅರೆ ಸೆಕೆಂಡಿನ ಸಂಕೇತವೊಂದನ್ನು ಆಕಾಶಕ್ಕೆ ಕಳಿಸುತ್ತದೆ; ಆ ಸಂಕೇತದಲ್ಲಿ ಬೀಕನ್ನಿನ ಗುರುತಿನ ಸಂಖ್ಯೆ, ಜಿಪಿಎಸ್ ಇದ್ದರೆ ಸ್ಥಾನವೂ ಇರುತ್ತದೆ. ಹತ್ತಿರ ಬಂದ ವಿಮಾನ ಅಥವಾ ಹಡಗು ದಿಕ್ಕು ಹಿಡಿದು ಬರಲು 121.5 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಸಂಕೇತ ಹೊರಡುತ್ತಿರುತ್ತದೆ. ಆಂಟೆನಾ ನೆಟ್ಟಗಿದ್ದು ಆಕಾಶಕ್ಕೆ ತೆರೆದಿದ್ದರೆ ಮಾತ್ರ ಸಂಕೇತ ಚೆನ್ನಾಗಿ ತಲುಪುತ್ತದೆ. ಒಳಕೋಣೆಯಲ್ಲಿ ಮಲಗಿದವರಿಗೆ ಇದು ಸುಲಭದ ಷರತ್ತಲ್ಲ.

ಬ್ಯಾಟರಿ ಕನಿಷ್ಠ 48 ಗಂಟೆ ಬಾಳಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ‘ತುರಿಯಾ’ ಪ್ರಕರಣದಲ್ಲಿ ಅಪಘಾತದಿಂದ ರಕ್ಷಣೆಯವರೆಗೆ ಹಿಡಿದ ಕಾಲ ಅದಕ್ಕಿಂತ ಹೆಚ್ಚು. ವಾಸ್ತವದಲ್ಲಿ ಒಳ್ಳೆಯ ಬ್ಯಾಟರಿ ಕನಿಷ್ಠ ಮಿತಿಯನ್ನು ದಾಟಿ ನಡೆಯುತ್ತದೆ, ನಿಜ. ಆದರೂ ದೂರದ ಕಡಲಿಗೆ ಹೋಗುವ ದೋಣಿಯಲ್ಲಿ ಒಂದಕ್ಕಿಂತ ಹೆಚ್ಚು ಬೀಕನ್‌ಗಳಿದ್ದರೆ ಅವುಗಳನ್ನು ಒಟ್ಟಿಗೇ ಚಾಲೂ ಮಾಡದೆ ಒಂದರ ನಂತರ ಒಂದನ್ನು ಬಳಸುವುದು ಜಾಣತನ. ಒಮ್ಮೆ ಚಾಲೂ ಮಾಡಿದ್ದನ್ನು ಮಾತ್ರ ನಡುವೆ ಆರಿಸಬಾರದು. ಸಂಕೇತ ನಿಂತರೆ ಹುಡುಕುವವರಿಗೆ ಅದರ ಅರ್ಥ ತಿಳಿಯುವುದಿಲ್ಲ.

ಈ ಸಂಕೇತಗಳನ್ನು ಹಿಡಿಯುವ ವ್ಯವಸ್ಥೆಯ ಹೆಸರು ಕಾಸ್ಪಾಸ್-ಸರ್ಸಾಟ್. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ 1979ರಲ್ಲಿ ಅದಕ್ಕೆ ಅಡಿಪಾಯ ಹಾಕಿದವು. 1982ರಲ್ಲಿ ಮೊದಲ ಉಪಗ್ರಹ ಮೇಲೇರಿತು, ಅದೇ ವರ್ಷ ಮೊದಲ ರಕ್ಷಣೆಯೂ ನಡೆಯಿತು. ಭಾರತದ ಪಾಲಿನ ಕೆಲಸ ನಡೆಯುವುದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರಾಕ್ ಕೇಂದ್ರದೊಳಗಿನ ಇಂಡಿಯನ್ ಮಿಷನ್ ಕಂಟ್ರೋಲ್ ಸೆಂಟರ್‌ನಲ್ಲಿ. ಬೆಂಗಳೂರು ಮತ್ತು ಲಖನೌದ ಭೂಕೇಂದ್ರಗಳು ಹಿಡಿದ ಸಂಕೇತವನ್ನು ಅದು ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ದಾಟಿಸುತ್ತದೆ. ಶ್ರೀಲಂಕಾ, ಮಾಲ್ಡೀವ್ಸ್, ಸೀಶೆಲ್ಸ್ ಮುಂತಾದ ನೆರೆಯ ದೇಶಗಳಿಗೂ ಅದರ ಸೇವೆ ಸಲ್ಲುತ್ತದೆ. ‘ತುರಿಯಾ’ ಇದ್ದ ನೀರು ಇದಕ್ಕಿಂತ ಬಹಳ ದಕ್ಷಿಣಕ್ಕೆ. ಅಲ್ಲಿನ ಕಾರ್ಯಾಚರಣೆಯನ್ನು ಆಸ್ಟ್ರೇಲಿಯಾದ ಜಂಟಿ ರಕ್ಷಣಾ ಸಮನ್ವಯ ಕೇಂದ್ರ ನಡೆಸಿತು.

ಬೀಕನ್ ಯಾರು, ಎಲ್ಲಿ ಎಂಬುದನ್ನು ಹೇಳುತ್ತದೆ. ಏನಾಗಿದೆ, ಏನು ಬೇಕು ಎಂಬುದನ್ನು ಹೇಳಲಾರದು. ‘ತುರಿಯಾ’ದ ಬೀಕನ್ ಒಂದೇ ಮಾತಾಡಿದ್ದರೆ, ಬರುವ ಹಡಗಿಗೆ ಒಂದು ದೋಣಿ ಅಪಾಯದಲ್ಲಿದೆ ಎಂಬಷ್ಟೇ ತಿಳಿಯುತ್ತಿತ್ತು. ಬೆನ್ನು ಮುರಿದಿರುವುದು, ದೋಣಿ ತೇಲುತ್ತಿರುವುದು, ಅವರು ಒಳಗೇ ಇರುವುದು, ಸ್ಟ್ರೆಚರ್ ಬೇಕಾಗಿರುವುದು, ಇದನ್ನೆಲ್ಲ ತಿಳಿಸಿದ್ದು ಕಿರುಸಂದೇಶಗಳು. ಬೆನ್ನುಮೂಳೆ ಮುರಿದವರನ್ನು ಹಗ್ಗದಲ್ಲೋ ಬಲೆಯ ಏಣಿಯಲ್ಲೋ ಎಳೆದುಕೊಂಡರೆ ಕಾಲುಗಳ ಸ್ವಾಧೀನವೇ ಹೋಗುವ ಅಪಾಯವಿದೆ. ಬೀಕನ್ ಒಂದಿದ್ದರೆ ಸಾಕು, ಸಂದೇಶ ಸಾಧನ ಆಡಂಬರ ಎಂದು ವಾದಿಸುವವರಿಗೆ ಈ ಪ್ರಕರಣ ಸ್ಪಷ್ಟ ಉತ್ತರ ಕೊಡುತ್ತದೆ.

ದೋಣಿಯನ್ನು ಬಿಡಬೇಕೇ, ಬಿಡಬಾರದೇ

ಟಾಮಿಯವರು ರಾಫ್ಟಿಗೆ ಇಳಿಯಲಿಲ್ಲ. ಇಳಿಯುವ ಶಕ್ತಿಯೂ ಇರಲಿಲ್ಲವೆನ್ನಬಹುದು, ಆದರೆ ಶಕ್ತಿ ಇದ್ದಿದ್ದರೂ ಒಳಗೆ ಉಳಿಯುವುದೇ ಸರಿಯಾದ ನಿರ್ಧಾರವಾಗುತ್ತಿತ್ತು. ಇದಕ್ಕೆ ಹಳೆಯ ಪುರಾವೆ 1979ರ ಆಗಸ್ಟಿನ ಫಾಸ್ಟ್‌ನೆಟ್ ರೇಸ್. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ 303 ದೋಣಿಗಳ ಪೈಕಿ 24ನ್ನು ಸಿಬ್ಬಂದಿ ಬಿಟ್ಟು ಹೋದರು. 15 ಮಂದಿ ಸ್ಪರ್ಧಿಗಳು ಸತ್ತರು. ಬಿಟ್ಟುಹೋದ 24ರಲ್ಲಿ ಮುಳುಗಿದ್ದು ಐದೇ. ಉಳಿದ 19 ದೋಣಿಗಳು ಆಮೇಲೆ ತೇಲುತ್ತಲೇ ಸಿಕ್ಕವು. ತಲೆಕೆಳಗಾದ, ಹರಿದ ರಾಫ್ಟುಗಳಲ್ಲಿ ಪ್ರಾಣ ಕಳೆದುಕೊಂಡವರಿದ್ದರು. ರಾಫ್ಟಿಗೆ ಮೇಲಕ್ಕೆ ಹತ್ತಬೇಕಾದ ಸ್ಥಿತಿ ಬರುವವರೆಗೆ, ಅಂದರೆ ದೋಣಿ ಅಷ್ಟು ಕೆಳಗೆ ಇಳಿಯುವವರೆಗೆ, ದೋಣಿ ಬಿಡಬೇಡಿ ಎಂಬ ಮಾತು ನಾವಿಕರಲ್ಲಿ ಬೇರೂರಲು ಇಂಥ ಅನುಭವಗಳೇ ಕಾರಣ.

ಆದರೆ ಒಳಗೆ ಉಳಿಯುವುದಕ್ಕೂ ಬೆಲೆ ಇದೆ. ಕೂವೆಮರದ ಭಾರ ಎತ್ತರದಲ್ಲಿರುವಾಗ ಅದು ದೋಣಿಯ ತೂಗಾಟವನ್ನು ನಿಧಾನಗೊಳಿಸುತ್ತದೆ. ಅದು ಹೋದ ಮೇಲೆ ದೋಣಿ ಥಟ್ಟನೆ, ಜೋರಾಗಿ ಹೊಯ್ದಾಡುತ್ತದೆ, ಮತ್ತೆ ಮಗುಚುವ ಸಂಭವವೂ ಹೆಚ್ಚುತ್ತದೆ. ಮುರಿದ ಮರ ತಂತಿಗಳಲ್ಲಿ ಸಿಕ್ಕಿ ಪಕ್ಕದಲ್ಲೇ ನೇತಾಡುತ್ತಿದ್ದರೆ ಪ್ರತಿ ಅಲೆಗೂ ದೋಣಿಯ ಮೈಗೆ ಗುದ್ದುತ್ತದೆ; ಅದನ್ನು ಕಡಿದು ಬಿಡಲೆಂದೇ ಬೋಲ್ಟ್ ಕಟರ್, ಹ್ಯಾಕ್ಸಾ ಬ್ಲೇಡುಗಳು ದೋಣಿಯಲ್ಲಿರುತ್ತವೆ. ಹೊಯ್ದಾಡುವ ಡೆಕ್ಕಿನ ಮೇಲೆ ಮಂಡಿಯೂರಿ, ಎರಡೂ ಕೈಗಳಿಂದ ಕಟರ್ ಒತ್ತಿ ಉಕ್ಕಿನ ತಂತಿ ತುಂಡರಿಸುವುದು ಗಟ್ಟಿಮುಟ್ಟಾದವರಿಗೂ ಕಠಿಣ. ಸೆಪ್ಟೆಂಬರ್ 23ರಂದು ಭಾರತೀಯ ನೌಕಾಪಡೆಯ ಪಿ-8ಐ ಎಂಬ ಕಡಲ ಗಸ್ತು ವಿಮಾನ ‘ತುರಿಯಾ’ವನ್ನು ಕಂಡಾಗ ಮುರಿದ ಮರ ಪಕ್ಕದಲ್ಲಿ ನೇತಾಡುತ್ತಿತ್ತು, ದೋಣಿ ವಿಪರೀತ ಹೊಯ್ದಾಡುತ್ತಿತ್ತು. ಬೆನ್ನು ಮುರಿದವರು ಬಂಕಿನಲ್ಲಿ ಆ ಹೊಯ್ದಾಟವನ್ನು ಅನುಭವಿಸಿದ್ದನ್ನು ಊಹಿಸುವುದೂ ಕಷ್ಟ. ಬಂಕಿನ ಅಂಚಿಗೆ ಕಟ್ಟುವ ಬಟ್ಟೆಯ ತಡೆ, ಅಂದರೆ ಲೀ ಕ್ಲಾತ್, ನಿದ್ದೆಯ ಅನುಕೂಲಕ್ಕೆಂದು ಇರುವ ವಸ್ತು ಎಂದೇ ಅನೇಕರ ಎಣಿಕೆ. ಗಾಯಾಳುವನ್ನು ಒಂದೆಡೆ ನಿಲ್ಲಿಸುವ ಸಾಧನವೂ ಅದೇ. ಮಾನವನ ಭಾರ ಎಸೆದಾಗ ತಡೆಯುವಷ್ಟು ಗಟ್ಟಿಯಾಗಿ ಅದನ್ನು ಹೊಲಿಸಿ ಬಿಗಿಯಬೇಕು.

ರಾಫ್ಟೇ ಜೀವ ಉಳಿಸಿದ ಪ್ರಕರಣವೂ ಇದೇ ಸ್ಪರ್ಧೆಯ ಮುಂದಿನ ಆವೃತ್ತಿಯಲ್ಲಿದೆ. 2022ರ ನವೆಂಬರ್ 18ರಂದು, ದಕ್ಷಿಣ ಆಫ್ರಿಕಾದ ಆಗ್ನೇಯಕ್ಕಿರುವ ಕಡಲಿನಲ್ಲಿ, ಫಿನ್ಲೆಂಡಿನ ಟಾಪಿಯೊ ಲೆಹ್ತಿನೆನ್ ಅವರ ‘ಆಸ್ಟೀರಿಯಾ’ ದೋಣಿಯ ಹಿಂಭಾಗದಿಂದ ನೀರು ನುಗ್ಗಿ, ಸುಮಾರು ಐದೇ ನಿಮಿಷಗಳಲ್ಲಿ ದೋಣಿ ಮುಳುಗಿತು. ಅಷ್ಟರೊಳಗೆ ಅವರು ಸರ್ವೈವಲ್ ಸೂಟ್ ತೊಟ್ಟು ರಾಫ್ಟಿಗೆ ಹತ್ತಿದ್ದರು. ಸುಮಾರು 24 ಗಂಟೆಗಳ ಬಳಿಕ ಸಹಸ್ಪರ್ಧಿ ಕರ್ಸ್ಟನ್ ನ್ಯೂಶೇಫರ್ ಅವರನ್ನು ತಲುಪಿ ತಮ್ಮ ದೋಣಿಗೆ ಹತ್ತಿಸಿಕೊಂಡರು; ಅಲ್ಲಿಂದ ಅವರನ್ನು ‘ದರಿಯಾ ಗಾಯತ್ರಿ’ ಎಂಬ ಸರಕು ಹಡಗಿಗೆ ದಾಟಿಸಲಾಯಿತು. ನೆರವಿಗೆಂದು ದಾರಿ ಬದಲಿಸಿದವರಲ್ಲಿ ಆ ವರ್ಷ ‘ಬಯಾನತ್’ ದೋಣಿಯಲ್ಲಿ ಮತ್ತೆ ಸ್ಪರ್ಧಿಸುತ್ತಿದ್ದ ಅಭಿಲಾಷ್ ಟಾಮಿಯವರೂ ಇದ್ದರು.

ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ರಾಫ್ಟಿನ ಬಗ್ಗೆ ಒಂದೇ ಮಾತಿನ ನಿಯಮ ನಿಲ್ಲುವುದಿಲ್ಲ. ಒಬ್ಬರಿಗೆ ದೋಣಿಯೇ ಆಸರೆ, ಇನ್ನೊಬ್ಬರಿಗೆ ರಾಫ್ಟೇ ಆಸರೆ. ನೀರು ಎಷ್ಟು ಬೇಗ ಏರುತ್ತಿದೆ ಎಂಬುದೇ ನಿರ್ಣಾಯಕ. ಆದರೆ ಸಾಧನದ ಜಾಗದ ವಿಷಯದಲ್ಲಿ ಎರಡೂ ಒಂದೇ ಮಾತನ್ನು ಹೇಳುತ್ತವೆ. ಐದು ನಿಮಿಷದಲ್ಲಿ ಮುಳುಗುವ ದೋಣಿಯಲ್ಲಿ ಸರ್ವೈವಲ್ ಸೂಟು ಸಾಮಾನುಗಳ ಅಡಿಯಲ್ಲಿ ಮಡಿಚಿಟ್ಟಿದ್ದರೆ ಅದು ದೋಣಿಯ ಜೊತೆಗೇ ಹೋಗುತ್ತದೆ. ಒದ್ದೆ ಕೈಗಳಿಂದ, ಕತ್ತಲಲ್ಲಿ, ಆ ಸೂಟಿನ ಜಿಪ್ಪನ್ನು ಗದ್ದದವರೆಗೆ ಎಳೆದು ಅಭ್ಯಾಸ ಮಾಡದವರಿಗೆ ಮೊದಲ ಸಲಕ್ಕೇ ಐದು ನಿಮಿಷ ಸಾಲುವುದಿಲ್ಲ.

ರಕ್ಷಣೆ

ಅಪಘಾತದ ಸ್ಥಳ ಕನ್ಯಾಕುಮಾರಿಯಿಂದ ಐದು ಸಾವಿರ ಕಿಲೋಮೀಟರಿಗೂ ದೂರ. ಭಾರತದ ‘ಐಎನ್‌ಎಸ್ ಸಾತ್ಪುರ’, ಆಸ್ಟ್ರೇಲಿಯಾದ ‘ಬ್ಯಾಲರಟ್’ ಯುದ್ಧನೌಕೆ, ಫ್ರಾನ್ಸಿನ ‘ಒಸಿರಿಸ್’ ಮೂರೂ ಹೊರಟವು; ಮಾರಿಷಸ್‌ನಿಂದ ಭಾರತದ, ಪರ್ತ್‌ನಿಂದ ಆಸ್ಟ್ರೇಲಿಯಾದ ವಿಮಾನಗಳು ಹಾರಿದವು. ಹತ್ತಿರದಲ್ಲಿದ್ದ ‘ಒಸಿರಿಸ್’ ಮೊದಲು ತಲುಪಿತು. ಅದರ ಸಿಬ್ಬಂದಿ ಸಣ್ಣ ರಬ್ಬರ್ ದೋಣಿಗಳಲ್ಲಿ ‘ತುರಿಯಾ’ಕ್ಕೆ ಹೋಗಿ, ಟಾಮಿಯವರನ್ನು ಸ್ಟ್ರೆಚರ್ ಮೇಲೆ ಹೊರತಂದರು. ಅದೇ ಕಾರ್ಯಾಚರಣೆಯಲ್ಲಿ ಮೆಕ್‌ಗುಕಿನ್ ಅವರನ್ನೂ ಎತ್ತಿಕೊಂಡು, ಫ್ರಾನ್ಸಿಗೆ ಸೇರಿದ ಆಮ್‌ಸ್ಟರ್‌ಡಾಮ್ ದ್ವೀಪದ ಪುಟ್ಟ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಅಲ್ಲಿಂದ ‘ಸಾತ್ಪುರ’ ಟಾಮಿಯವರನ್ನು ಭಾರತಕ್ಕೆ ಕರೆತಂದಿತು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಯಿತು. ಅವರು ಮತ್ತೆ ನಡೆದದ್ದಷ್ಟೇ ಅಲ್ಲ, 2022ರ ಸ್ಪರ್ಧೆಗೆ ಹೊರಟು 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು.

ನಮ್ಮ ಕರಾವಳಿಗೆ ಸಂಬಂಧಿಸಿದ್ದು

ಟಾಮಿಯವರ ರಕ್ಷಣೆಯಾಗಿ ಮೂರು ತಿಂಗಳು ತುಂಬುವ ಮೊದಲೇ, 2018ರ ಡಿಸೆಂಬರ್‌ನಲ್ಲಿ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಮೀನುಗಾರಿಕಾ ದೋಣಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಭೂಮಿಯ ಮೇಲಿನ ಅತ್ಯಂತ ನಿರ್ಜನ ನೀರಿನಲ್ಲಿ ಮೂರು ದಿನಗಳಲ್ಲಿ ಒಬ್ಬರನ್ನು ಹುಡುಕಿ ತರಬಲ್ಲ ವ್ಯವಸ್ಥೆ ಇರುವ ಕಾಲದಲ್ಲಿ, ನಮ್ಮ ದಡಕ್ಕೆ ಇಷ್ಟು ಹತ್ತಿರದ ದೋಣಿಯೊಂದಕ್ಕಾಗಿ ಮನೆಯವರು ತಿಂಗಳುಗಟ್ಟಲೆ ದಾರಿ ಕಾದರು. ಎರಡು ಘಟನೆಗಳ ಕಾರಣಗಳು ಬೇರೆ, ದೋಣಿಗಳ ಬಗೆ ಬೇರೆ. ಆದರೂ ಇವೆರಡನ್ನೂ ಬಲ್ಲವರಿಗೆ ಸಂಕೇತ ಕಳಿಸುವ ಸಾಧನದ ಬೆಲೆಯನ್ನು ಬೇರೆ ಮಾತಿನಲ್ಲಿ ವಿವರಿಸಬೇಕಿಲ್ಲ.

ಮೀನುಗಾರರಿಗೆಂದು ಇಸ್ರೋ ರೂಪಿಸಿದ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಸಂಕೇತ ಹೋಗುತ್ತಿತ್ತು, ಆದರೆ ಅದು ತಲುಪಿತೋ ಇಲ್ಲವೋ ಎಂದು ಕಡಲಿನಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೆಯ ಪೀಳಿಗೆಯ ಸಾಧನ ಈ ಕೊರತೆಯನ್ನು ನೀಗಿಸಿದೆ. ಸಂಕೇತ ಸಿಕ್ಕಿದೆ, ನೆರವು ಬರುತ್ತಿದೆ ಎಂಬ ಉತ್ತರ ದೋಣಿಗೆ ಹಿಂದಿರುಗುತ್ತದೆ. ಕಾಯುವವರಿಗೆ ಇದು ಕೇವಲ ಸಮಾಧಾನದ ಮಾತಲ್ಲ. ಸಂಕೇತ ತಲುಪಿದೆಯೆಂದು ತಿಳಿದವರು ಇರುವ ಜಾಗದಲ್ಲೇ ಉಳಿಯುತ್ತಾರೆ, ನೀರು ಮತ್ತು ಬ್ಯಾಟರಿಯನ್ನು ಲೆಕ್ಕ ಹಾಕಿ ಬಳಸುತ್ತಾರೆ. ತಿಳಿಯದವರು ಅವಸರದಲ್ಲಿ ದೋಣಿ ಬಿಡುವಂಥ ನಿರ್ಧಾರಕ್ಕೆ ಬರಬಹುದು.

ಸ್ವಂತ ಹಾಯಿದೋಣಿಗೆ ಇಪಿಐಆರ್‌ಬಿ ಕೊಳ್ಳುವವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ. ಬೀಕನ್ನಿನ ಗುರುತಿನ ಸಂಖ್ಯೆಯನ್ನು, ಅದು ಯಾವ ದೇಶದ ಸಂಕೇತಸಂಖ್ಯೆ ಹೊಂದಿದೆಯೋ ಆ ದೇಶದಲ್ಲಿ ನೋಂದಾಯಿಸಬೇಕು. ಭಾರತದ್ದಾದರೆ ಸಂಖ್ಯೆ 419, ನೋಂದಣಿ ಬೆಂಗಳೂರಿನ ಅದೇ ಕೇಂದ್ರದಲ್ಲಿ. ದೋಣಿ ಮಾರಿದಾಗ, ಬೀಕನ್ ಕೈಬದಲಾದಾಗ, ಮನೆಯ ಫೋನ್ ಸಂಖ್ಯೆ ಬದಲಾದಾಗ ಆ ದಾಖಲೆಯನ್ನೂ ತಿದ್ದಿಸಬೇಕು. ಸಂಕೇತ ಬಂದ ಕೂಡಲೇ ರಕ್ಷಣಾ ಕೇಂದ್ರದವರು ಕರೆ ಮಾಡುವುದು ಅಲ್ಲಿ ಬರೆದಿರುವ ಸಂಖ್ಯೆಗೆ. ಕರೆ ಸ್ವೀಕರಿಸುವವರ ಬಳಿ ದೋಣಿಯ ಬಣ್ಣ, ಉದ್ದ, ಫೋಟೊ, ಹೊರಟ ದಿನ, ಹಿಡಿದ ದಾರಿ, ದೋಣಿಯಲ್ಲಿರುವವರ ಸಂಖ್ಯೆ, ಅವರಿಗಿರುವ ಕಾಯಿಲೆಗಳು ಮತ್ತು ರಾಫ್ಟು ಎಷ್ಟು ಜನರದ್ದು ಎಂಬ ವಿವರ ಬರೆದ ಒಂದು ಹಾಳೆ ಇರಬೇಕು. ದೋಣಿ ಹೊರಡುವ ಹಿಂದಿನ ದಿನ ಅದನ್ನು ಅವರ ಕೈಗೆ ಕೊಟ್ಟು, ಒಮ್ಮೆ ಜೊತೆಗೆ ಕುಳಿತು ಓದಿಸಬೇಕು.